ಎಂಟು ತೊಟ್ಟಿನ ಬಣ್ಣ

ಬಣ್ಣ ಸುಳ್ಳು ಹೇಳುವುದಿಲ್ಲ, ಹೇಳಿದರೆ ಗಂಡನೇ ಹೇಳಬೇಕು ಎಂದು ಅನಸೂಯ ನಂಬಿದ್ದಳು. ಈ ನಂಬಿಕೆಯೇ ಆ ಮನೆಗೆ ಮುಳುವಾಯಿತು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಚ್ಚಿಟ್ಟು, ಕೊನೆಗೆ ತೋರಿಸಿ ಚಪ್ಪಾಳೆ ಗಿಟ್ಟಿಸುವಂಥ ವಿಷಯವಲ್ಲ ಇದು.

ತೊಂಬತ್ತೆಂಟನೇ ಇಸವಿಯ ಮಾತು. ಜೀವನ್ ಬಿಮಾ ನಗರದ ಎರಡನೇ ಮಹಡಿಯ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಇದ್ದ ಒಬ್ಬಳು ಮಗಳು ಮದುವೆಯಾಗಿ ಹೋಗಿದ್ದಳು. ಗಂಡ ಭೀಮಾಶಂಕರ ವಿಮಾ ಕಚೇರಿಯಲ್ಲಿ ಹೆಡ್ ಕ್ಲರ್ಕು. ಗುಲ್ಬರ್ಗದ ಕಡೆಯವನು, ಇಪ್ಪತ್ತೈದು ವರ್ಷದಿಂದ ಬೆಂಗಳೂರಿನಲ್ಲಿದ್ದು ಇಲ್ಲಿಯವರ ಹಾಗೇ ಮಾತಾಡುತ್ತಿದ್ದ. ಸಿಟ್ಟು ನೆತ್ತಿಗೇರಿದಾಗ ಮಾತ್ರ ಊರಿನ ಮಾತು ಹೊರಬರುತ್ತಿತ್ತು. ಅನಸೂಯ ಹಲಸೂರಿನಲ್ಲೇ ಹುಟ್ಟಿ ಬೆಳೆದವಳು.

ಗಂಡನಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡು ಎಂಟು ವರ್ಷವಾಗಿತ್ತು. ಆ ಎಂಟು ವರ್ಷವೂ ಬೆಳಿಗ್ಗೆ ಎದ್ದ ಕೂಡಲೇ ಅವಳ ಮೊದಲ ಕೆಲಸ ಒಂದೇ. ಗಾಜಿನ ನಳಿಗೆಗೆ ಬೆನೆಡಿಕ್ಟ್ ಎನ್ನುವ ನೀಲಿ ದ್ರಾವಣ ಸುರಿದು, ಅದಕ್ಕೆ ಗಂಡನ ಮೂತ್ರ ಎಂಟು ತೊಟ್ಟು ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸುವುದು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ ಇದೆ, ಹಳದಿಯಾದರೆ ಹೆಚ್ಚು, ಕಿತ್ತಳೆಯಾದರೆ ಇನ್ನೂ ಹೆಚ್ಚು, ಇಟ್ಟಿಗೆ ಕೆಂಪಾದರೆ ಗಂಡಾಂತರ. ಹಲಸೂರಿನ ವಯಸ್ಸಾದ ಡಾಕ್ಟರು ಇದನ್ನು ಕಲಿಸಿಕೊಟ್ಟು, "ನಮ್ಮ ಲ್ಯಾಬಿನೋರಿಗಿಂತ ನಿಮ್ಮ ಕೈಯೇ ವಾಸಿ ಕಣಮ್ಮ" ಎಂದಿದ್ದರು. ಆ ಒಂದು ಮಾತಿನ ಮೇಲೆ ಅನಸೂಯ ಎಂಟು ವರ್ಷ ಬದುಕಿದ್ದಳು ಎಂದರೂ ತಪ್ಪಲ್ಲ. ಬಣ್ಣ ನೋಡಿ ಸಕ್ಕರೆ ಇಳಿಸುವ ಮಾತ್ರೆಯನ್ನು ಅರ್ಧ ಏರಿಸುವ, ಅರ್ಧ ಇಳಿಸುವ ಅಧಿಕಾರವನ್ನೂ ಡಾಕ್ಟರು ಅವಳಿಗೇ ಕೊಟ್ಟಿದ್ದರು.

ಭೀಮಾಶಂಕರ ಸಿಹಿಗಾಗಿ ಜೀವ ಬಿಡುವ ಪೈಕಿ. ಮದುವೆಯಾದ ಹೊಸದರಲ್ಲಿ ಒಂದೇ ಪಂಕ್ತಿಯಲ್ಲಿ ಹನ್ನೊಂದು ಹೋಳಿಗೆ ತಿಂದು ಮಾವನ ಮನೆಯವರ ಕಣ್ಣು ಬಿಡಿಸಿದ್ದ. ಕಾಯಿಲೆ ಬಂದ ಮೊದಲ ವರ್ಷ ಅವನ ಆಫೀಸು ಬ್ಯಾಗಿನಲ್ಲಿ ಪೇಪರಿನಲ್ಲಿ ಸುತ್ತಿದ ಜಹಾಂಗೀರು ಸಿಕ್ಕಿತ್ತು. ಅವತ್ತು ಅನಸೂಯ ಊಟ ಬಿಟ್ಟಳು, ಎರಡು ದಿನ ಮಾತು ಬಿಟ್ಟಳು. ಅಲ್ಲಿಂದಾಚೆ ಅವನು ತೆಪ್ಪಗಾದ. ಆದರೆ ಒಮ್ಮೆ ಕದ್ದವನ ಮೇಲೆ ಕಣ್ಣಿಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತು.

ಆ ವರ್ಷದ ಮಳೆಗಾಲದಲ್ಲಿ ಚಪ್ಪಲಿ ಕಡಿದು ಅವನ ಕಾಲ್ಬೆರಳಿನ ಮೇಲೆ ಗಾಯವಾಯಿತು. ತಿಂಗಳಾದರೂ ಮಾಯಲಿಲ್ಲ. ಆಗ ಬಂದ ಮುತ್ತಣ್ಣ, ಆಫೀಸಿನಲ್ಲಿ ಪಕ್ಕದ ಮೇಜಿನವನು. ಆ ಕಾಲದಲ್ಲಿ ಬೀದಿಗೊಬ್ಬರಂತೆ ಶುರು ಮಾಡಿಕೊಂಡಿದ್ದ, ಒಬ್ಬರು ಇನ್ನೊಬ್ಬರನ್ನು ಸೇರಿಸಿ ಮಾಲು ಮಾರುವ ಚೈನ್ ವ್ಯಾಪಾರಕ್ಕೆ ಅವನೂ ಸೇರಿಕೊಂಡಿದ್ದ. ಭಾನುವಾರವೂ ಟೈ ಕಟ್ಟಿಕೊಂಡು ಒಂದು ಡಬ್ಬಿ ಹಿಡಿದು ಬಂದು ಕೂತ.

"ನೋಡಿ ಅತ್ತಿಗೆ, ಶುಗರ್ ಇರೋರಿಗೆ ಮೈಯಲ್ಲಿರೋ ವಿಟಮಿನ್ನು, ಮಿನರಲ್ಲು ಎಲ್ಲಾ ಮೂತ್ರದಲ್ಲಿ ಹರಿದು ಹೋಗ್ತಾ ಇರುತ್ತೆ. ತುಂಬ್ಬೇಕು ಅದನ್ನ. ಇದ್ರಲ್ಲಿ ಸಿ ವಿಟಮಿನ್ನೂ ಇದೆ, ಜಿಂಕೂ ಇದೆ. ಗಾಯ ಹದಿನೈದೇ ದಿನಕ್ಕೆ ಮಾಯುತ್ತೆ. ಮುಖ್ಯ, ಸಕ್ಕರೆ ಒಂದು ಕಾಳೂ ಇಲ್ಲ."

ಮುತ್ತಣ್ಣನಿಗೆ ವಿಟಮಿನ್ ಬಗ್ಗೆ ತಿಳಿದಿದ್ದದ್ದು ಆ ವ್ಯಾಪಾರದವರ ಶನಿವಾರದ ಮೀಟಿಂಗಿನಲ್ಲಿ ಬಾಯಿಪಾಠ ಮಾಡಿಸಿದಷ್ಟು. ನನಗೆ ಗೊತ್ತಿಲ್ಲ ಎನ್ನುವುದನ್ನು ಅಲ್ಲಿ ಕಲಿಸಿರಲಿಲ್ಲ. ಅನಸೂಯ ಡಬ್ಬಿ ತಿರುಗಿಸಿ ಓದಿದಳು. ಸಕ್ಕರೆ ಇಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅಗಲವಾದ ಕಿತ್ತಳೆ ಬಣ್ಣದ ಬಿಲ್ಲೆಗಳು. ಭೀಮಾಶಂಕರ ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಹುಳಿಯ ಹಿಂದೆ ಸಿಹಿ ಇತ್ತು. ಎಂಟು ವರ್ಷದ ಮೇಲೆ ನಾಲಿಗೆಗೆ ಸಿಕ್ಕ, ಯಾರಿಗೂ ಹೆದರದೆ ಚಪ್ಪರಿಸಬಹುದಾದ ಸಿಹಿ. ಅನಸೂಯ ಅವನ ಮುಖ ನೋಡಿದಳು. ಪಾಪ, ತಿನ್ನಲಿ ಎಂದುಕೊಂಡಳು.

ದಿನಕ್ಕೆರಡು ಎಂದು ಡಬ್ಬಿಯ ಮೇಲಿತ್ತು. "ವಿಟಮಿನ್ ತಾನೇ, ಜಾಸ್ತಿ ಆದ್ರೆ ಹೊರಗೆ ಹೋಗುತ್ತೆ ಗುರು" ಎಂದ ಮುತ್ತಣ್ಣ. ಸಕ್ಕರೆ ಇಲ್ಲ ಎಂದದ್ದು ಬಿಟ್ಟರೆ ಅವನು ಹೇಳಿದ್ದರಲ್ಲಿ ಅದೊಂದು ಮಾತ್ರ ಅಪ್ಪಟ ನಿಜ. ಎರಡು ಹೋಗಿ ನಾಲ್ಕಾಯಿತು, ನಾಲ್ಕು ಹೋಗಿ ಎಂಟಾಯಿತು. ಬೆಳಿಗ್ಗೆ ಅವನ ಅಂಗಿ ಜೇಬಿಗೆ ಅನಸೂಯಳೇ ಹಿಡಿ ಬಿಲ್ಲೆ ತುಂಬಿ ಕಳಿಸುತ್ತಿದ್ದಳು. ಆ ಮನೆಯಲ್ಲಿ ಅದನ್ನು ಯಾರೂ ಮಾತ್ರೆ ಎಂದು ಕರೆಯಲಿಲ್ಲ. ಅದರ ಹೆಸರು ಚಪ್ಪರಿಸೋದು ಎಂದಾಗಿತ್ತು. "ಚಪ್ಪರಿಸೋದು ಇಟ್ಕೊಂಡ್ರಾ?" ಎಂದು ಬಾಗಿಲಲ್ಲಿ ನಿಂತು ಕೇಳುವುದು ರೂಢಿಯಾಯಿತು.

ಹದಿನೈದು ದಿನ ಕಳೆದಿತ್ತು. ಒಂದು ಬೆಳಿಗ್ಗೆ ನಳಿಗೆಯ ನೀಲಿ ಹಸಿರಿಗೆ ತಿರುಗಿತು. ಮಾರನೇ ವಾರ ಹಳದಿ. ಆಮೇಲೆ ಕಿತ್ತಳೆ. ಆ ಬಣ್ಣ ಸಕ್ಕರೆಯದಲ್ಲ, ಬಿಲ್ಲೆಯದು. ಸಿ ವಿಟಮಿನ್ ಮಿತಿಮೀರಿ ಮೂತ್ರಕ್ಕೆ ಬಂದರೆ ಆ ದ್ರಾವಣ ಅದನ್ನೂ ಸಕ್ಕರೆಯೆಂದೇ ತಿಳಿದು ಬಣ್ಣ ಬದಲಿಸುತ್ತದೆ. ಇದನ್ನು ಹೇಳಬಲ್ಲವರು ಆ ಮನೆಯಲ್ಲಿ ಇರಲಿಲ್ಲ. ಅನಸೂಯ ಬಣ್ಣಕ್ಕೆ ತಕ್ಕಂತೆ ಸಕ್ಕರೆ ಮಾತ್ರೆಯನ್ನು ಅರ್ಧ ಏರಿಸಿದಳು. ಆಮೇಲೆ ಇನ್ನರ್ಧ.

ಅವಳೇನು ಕಣ್ಣು ಮುಚ್ಚಿ ನಂಬಿದವಳಲ್ಲ. ದ್ರಾವಣವೇ ಹಳತಾಗಿರಬೇಕೆಂದು ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋಗಿ, ಔಷಧಿ ಅಂಗಡಿಯ ಅಸ್ಗರ್ ಹತ್ತಿರ ಹೊಸ ಬಾಟಲಿ ತಂದಳು.

"ದವಾ ಫ್ರೆಷ್ಷೇ ಇದೆ ಅಮ್ಮಾ" ಎಂದ ಅಸ್ಗರ್. "ಆದ್ರೂ ಒಂದ್ಸಲ ರಕ್ತ ಟೆಸ್ಟ್ ಮಾಡ್ಸಿಬಿಡಿ. ಈಗ ಇದೆಲ್ಲಾ ಯಾರು ಮಾಡ್ತಾರೆ?"

"ಎಂಟು ವರ್ಷದಿಂದ ಮಾಡ್ತಿದೀನಿ ಕಣಪ್ಪಾ" ಎಂದಳು ಅನಸೂಯ, ಸ್ವಲ್ಪ ಬಿರುಸಾಗಿಯೇ.

ಮನೆಗೆ ಬಂದು ಹೊಸ ದ್ರಾವಣಕ್ಕೆ ಮೊದಲು ತನ್ನದೇ ಎಂಟು ತೊಟ್ಟು ಬಿಟ್ಟು ಕುದಿಸಿದಳು. ಬಣ್ಣ ಕದಲಲಿಲ್ಲ. ಗಂಡನದನ್ನು ಹಾಕಿದಳು, ಕಿತ್ತಳೆಯಾಯಿತು. ಅಲ್ಲಿಗೆ ದ್ರಾವಣ ಸರಿಯಿದೆ, ಕೈ ಸರಿಯಿದೆ, ಗಂಡ ಸರಿಯಿಲ್ಲ ಎಂದು ತೀರ್ಮಾನವಾಯಿತು.

ಅಷ್ಟರಲ್ಲಿ ಭೀಮಾಶಂಕರ ಬದಲಾಗತೊಡಗಿದ್ದ. ಮಧ್ಯಾಹ್ನದ ಹೊತ್ತಿಗೆ ಕೈ ನಡುಗುವುದು, ತಲೆ ಸುತ್ತುವುದು, ಫ್ಯಾನಿನ ಕೆಳಗೆ ಕೂತರೂ ಬೆವರುವುದು. ಯಾವಾಗಲೂ ಹಸಿವು ಹಸಿವು ಎನ್ನುತ್ತಿದ್ದ. ಸಕ್ಕರೆ ಏರಿದರೆ ಹಸಿವು ಹೆಚ್ಚುತ್ತದೆ ಎಂದು ಅನಸೂಯಳಿಗೆ ಗೊತ್ತಿತ್ತು. ಮೂರು ಜೋಳದ ರೊಟ್ಟಿಯನ್ನು ಒಂದಕ್ಕಿಳಿಸಿದಳು.

ಒಂದು ಗುರುವಾರ ಮುತ್ತಣ್ಣ ಅವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮನೆಗೆ ತಂದುಬಿಟ್ಟ. "ಮೇಜಿನ ಮೇಲೇ ತಲೆ ಇಟ್ಬಿಟ್ರು ಅತ್ತಿಗೆ. ಮಾತೇ ತೊದಲ್ತಾ ಇತ್ತು. ಒಂದು ಕಾಫಿ ತರ್ಸಿ ಕುಡಿಸ್ದೆ, ಹತ್ತೇ ನಿಮಿಷದಲ್ಲಿ ಸರಿ ಹೋದ್ರು."

"ಸಕ್ಕರೆ ಹಾಕಿದ್ ಕಾಫೀನಾ?"

"ಕ್ಯಾಂಟೀನ್ ಕಾಫಿ ಅಲ್ವಾ, ಇರುತ್ತೆ."

ಅನಸೂಯಳಿಗೆ ಕಳ್ಳ ಸಿಕ್ಕಿಬಿದ್ದ. ಮುತ್ತಣ್ಣ ಮೆಟ್ಟಿಲಿಳಿಯುವವರೆಗೂ ಕಾದು ತಿರುಗಿ ನಿಂತಳು. "ದಿನಾ ಕುಡೀತೀರಾ ಇದನ್ನ? ಇನ್ನೇನೇನ್ ತಿಂತೀರಾ?"

"ನಿನ್ನಾಣೆಗೂ ಇಲ್ಲ ಕಣೆ" ಎಂದ ಭೀಮಾಶಂಕರ. "ಇವತ್ತೇ ಮೊದ್ಲು. ನಿನ್ನ ತಲೆ ಮುಟ್ಟಿ ಹೇಳ್ತೀನಿ." ನಡುಗುವ ಕೈಯನ್ನು ಅವಳ ತಲೆಯ ಮೇಲಿಟ್ಟ.

ಹೆಂಡತಿಯ ತಲೆ ಮುಟ್ಟಿ ಸುಳ್ಳಾಣೆ ಇಟ್ಟರೆ ಹೆಂಡತಿಗೇ ತಟ್ಟುತ್ತದೆ ಎಂಬುದನ್ನು ನಂಬಿದ ಮನೆತನದವಳು ಅವಳು. ತನ್ನ ಪ್ರಾಣಕ್ಕಿಂತ ಒಂದು ಜಹಾಂಗೀರು ಹೆಚ್ಚಾಯಿತೇ ಇವನಿಗೆ ಎಂದುಕೊಂಡಳು. ಮನೆಯ ಸಕ್ಕರೆ, ಬೆಲ್ಲ, ಬಾಳೆಹಣ್ಣು ಎಲ್ಲವನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಂಜೆ ಹಲಸೂರಿನ ಡಾಕ್ಟರಿಗೆ ಫೋನು ಮಾಡಿ, ಬಣ್ಣ ಕಿತ್ತಳೆಗೆ ಏರಿದೆ, ಕದ್ದು ಸಿಹಿ ತಿನ್ನುತ್ತಿದ್ದಾರೆ ಎಂದಷ್ಟೇ ಹೇಳಿದಳು.

"ಬೇರೆ ಯಾವುದಾದ್ರೂ ಮಾತ್ರೆ ತಗೋತಾರಾ?" ಎಂದು ಡಾಕ್ಟರು ಕೇಳಿದರು.

"ಇಲ್ಲ ಡಾಕ್ಟ್ರೇ, ನಿಮ್ಮದು ಬಿಟ್ರೆ ಇನ್ನೊಂದಿಲ್ಲ." ಅವಳು ಸುಳ್ಳು ಹೇಳಲಿಲ್ಲ. ಚಪ್ಪರಿಸೋದು ಮಾತ್ರೆ ಎಂಬುದು ಅವಳ ತಲೆಗೇ ಬರಲಿಲ್ಲ.

"ಹಾಗಿದ್ರೆ ಇನ್ನರ್ಧ ಏರ್ಸಿ. ಸೋಮವಾರ ಕರ್ಕೊಂಡು ಬನ್ನಿ, ರಕ್ತ ನೋಡೇ ಬಿಡೋಣ."

ಸೋಮವಾರಕ್ಕೆ ಮೊದಲು ಭಾನುವಾರ ಬಂತು. ಬೆಳಿಗ್ಗೆ ನಳಿಗೆ ಇಟ್ಟಿಗೆ ಬಣ್ಣಕ್ಕೆ ಹತ್ತಿರವಿತ್ತು. ಎದುರಿಗೆ ನಿಂತು ಎರಡು ಮಾತ್ರೆ ನುಂಗಿಸಿದಳು. ಒಂದು ರೊಟ್ಟಿ, ಒಂದಿಷ್ಟು ಸೊಪ್ಪಿನ ಪಲ್ಯ ಕೊಟ್ಟಳು. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಬನಿಯನ್ನು ಬೆವರಿನಲ್ಲಿ ಮೈಗಂಟಿತ್ತು. ತುಟಿ ಬಿಳಿಚಿಕೊಂಡಿತ್ತು.

"ಅನಸೂ, ಒಂದ್ ಚಮಚಾ ಸಕ್ರಿ ಕೊಡು. ಜೀವಾ ತಳಮಳ ಆಗ್ಲಕತ್ತದ."

ಊರಿನ ಮಾತು ಬಂದಿತೆಂದರೆ ಸಿಟ್ಟು ಬಂದಿದೆ ಎಂದೇ ಅವಳ ಲೆಕ್ಕ. ಅವಳೂ ಸಿಟ್ಟಾದಳು. "ಬಾಯಿ ಬಿಟ್ಟು ಕೇಳೋ ಮಟ್ಟಕ್ಕೆ ಬಂದ್ರಾ? ನಾಳೆ ಡಾಕ್ಟ್ರ ಮುಂದೆ ಕೇಳಿ."

"ಇಲ್ಲಂದ್ರ ಬೆಲ್ಲರ ಕೊಡು. ಸಾಯ್ತೀನಿ ನಾ."

ಅವನು ಗೋಡೆ ಹಿಡಿದುಕೊಂಡು ಬೀರುವಿನ ತನಕ ಹೋದ. ಹಿಡಿಕೆಯನ್ನು ಎರಡು ಕೈಯಲ್ಲೂ ಎಳೆದ. ಕುಡಿದವನ ಹಾಗೆ ವಾಲಿ, ಅಲ್ಲೇ ನೆಲದ ಮೇಲೆ ಕೂತು, ಎಳೆ ಮಗುವಿನಂತೆ ಅಳತೊಡಗಿದ. ಐವತ್ತೆರಡು ವರ್ಷದ ಗಂಡಸು ಸಕ್ಕರೆಗಾಗಿ ಅಳುವುದನ್ನು ಕಂಡು ಅನಸೂಯಳಿಗೆ ನಾಚಿಕೆಯೂ ಆಯಿತು, ಸಂಕಟವೂ ಆಯಿತು. ಪಕ್ಕದಲ್ಲಿ ಕೂತು, ಸೆರಗಿನಿಂದ ಅವನ ಹಣೆ ಒರೆಸಿ, ಡಬ್ಬಿಯಿಂದ ಎರಡು ಬಿಲ್ಲೆ ತೆಗೆದು ಬಾಯಿಗಿಟ್ಟಳು.

"ಇದನ್ನ ಚಪ್ಪರಿಸಿ. ಬಾಯಿ ಸಿಹಿ ಆಗುತ್ತೆ."

ಅವನು ಚಪ್ಪರಿಸಿದ. ಬಾಯಿಗೆ ಸಿಹಿ, ರಕ್ತಕ್ಕೆ ಒಂದು ಕಾಳೂ ಇಲ್ಲ. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಅವಳು ಹಾಗೇ ನಡೆಸಿಕೊಂಡು ಹೋಗಿ ಮಂಚದ ಮೇಲೆ ಮಲಗಿಸಿದಳು. ಹಟ ಬಿಟ್ಟನಲ್ಲ ಎಂದು ನಿಟ್ಟುಸಿರು ಬಿಟ್ಟು, ಬಟ್ಟೆ ನೆನೆಸಿ, ಒಗೆದು, ತಾರಸಿಯಲ್ಲಿ ಒಣಗಹಾಕಿ, ತಾನೂ ಊಟ ಮಾಡಿದಳು. ಒಳಗಿನಿಂದ ಗೊರಕೆ ಕೇಳುತ್ತಿತ್ತು. ಗಾಢ ನಿದ್ದೆ ಎಂದುಕೊಂಡಳು. ಮೂರು ಗಂಟೆಗೆ ಕಾಫಿಗೆಂದು ಎಬ್ಬಿಸಲು ಹೋದಾಗ ದಿಂಬು ಒದ್ದೆಯಾಗಿತ್ತು, ಕಣ್ಣು ಅರ್ಧ ತೆರೆದಿತ್ತು. ಎಷ್ಟು ಅಲುಗಿಸಿದರೂ ಅವನು ಏಳಲಿಲ್ಲ.

ಕೆಳಮನೆಯ ಮೆಹರುನ್ನೀಸಾ ಆಟೋ ಕರೆಸಿ ಜೊತೆಗೆ ಬಂದಳು. ಆಸ್ಪತ್ರೆಯಲ್ಲಿ ಕಿರಿಯ ವಯಸ್ಸಿನ ಡಾಕ್ಟರೊಬ್ಬಳು ಅವನ ಬೆರಳು ಚುಚ್ಚಿ, ಅಂಗೈಯಗಲದ ಯಂತ್ರವೊಂದಕ್ಕೆ ಒಂದು ಹನಿ ರಕ್ತ ತೋರಿಸಿದಳು.

"ಇಪ್ಪತ್ತೆಂಟು."

"ಇನ್ನೂರ ಎಂಬತ್ತಾ?" ಎಂದಳು ಅನಸೂಯ. "ನಂಗೆ ಗೊತ್ತಿತ್ತು."

"ಇನ್ನೂರಲ್ಲ ಅಮ್ಮಾ. ಬರೀ ಇಪ್ಪತ್ತೆಂಟು. ರಕ್ತದಲ್ಲಿ ಸಕ್ಕರೇನೇ ಇಲ್ಲ." ಡಾಕ್ಟರ ಕೈ ಆಗಲೇ ಸೂಜಿಗೆ ಹೋಗಿತ್ತು. ಗ್ಲೂಕೋಸು ಹರಿಯತೊಡಗಿದ ಮೇಲೆ ತಿರುಗಿ ಕೇಳಿದಳು. "ಮಾತ್ರೆ ವಿಷಯ ಆಮೇಲೆ. ದಿನಾ ಬಾಯಿಗೆ ಏನೇನ್ ಹಾಕ್ಕೊಳ್ತಾರೆ, ಒಂದೂ ಬಿಡ್ದೆ ಹೇಳಿ."

ಹಾಗೆ ಕೇಳಿದ್ದಕ್ಕೆ ಚಪ್ಪರಿಸೋದು ನೆನಪಾಯಿತು. ದಿನಕ್ಕೆ ಎಷ್ಟು ಎಂದು ಹೇಳಿದಳು. ನಳಿಗೆಯ ಬಣ್ಣ ಹೇಳಿದಳು. ಆ ಡಾಕ್ಟರ್ ಪೆನ್ನು ಕೆಳಗಿಟ್ಟು, ಬಣ್ಣ ಏಕೆ ಹಾಗಾಯಿತೆಂದು ಮೆಲ್ಲನೆ ಬಿಡಿಸಿ ಹೇಳಿದಳು. ಅವನಿಗೆ ಸಕ್ಕರೆ ಏರಿರಲೇ ಇಲ್ಲ. ಮಾತ್ರೆ ಏರಿಸಿದಷ್ಟೂ ಇಳಿಯುತ್ತಾ ಬಂದಿದೆ. ಬೆವರು, ನಡುಕ, ತೊದಲು, ಅಳು ಎಲ್ಲವೂ ಅದರದೇ.

"ಆ ಹೊತ್ತಲ್ಲಿ ಒಂದೆರಡು ಚಮಚ ಸಕ್ಕರೆ ಕೊಟ್ಟಿದ್ರೂ ತಡೀಬಹುದಿತ್ತು" ಎಂದಳು, ಏನೂ ಅರಿಯದೆ.

ಅನಸೂಯ ಮೆಹರುನ್ನೀಸಾಳ ಕೈ ಹಿಡಿದುಕೊಂಡಳು. "ಕೇಳಿದ್ರು. ನೆಲದ ಮೇಲೆ ಕೂತು ಅತ್ಕೊಂಡು ಕೇಳಿದ್ರು. ನಾನು ಕೊಡ್ಲಿಲ್ಲ" ಎಂದಳು. ಮತ್ತೆ ಅದನ್ನೇ ಹೇಳಿದಳು.

ಮೂರು ದಿನ ಅವನು ಕಣ್ಣು ಬಿಡಲಿಲ್ಲ. ಮಿದುಳು ಬಹಳ ಹೊತ್ತು ಉಪವಾಸ ಬಿದ್ದಿದೆ, ಎದ್ದ ಮೇಲೆ ಎಷ್ಟು ಉಳಿದಿರುತ್ತದೋ ನೋಡಬೇಕು ಎಂದರು ದೊಡ್ಡ ಡಾಕ್ಟರು. ಅನಸೂಯ ಬೆಂಚು ಬಿಟ್ಟು ಏಳಲಿಲ್ಲ. ಬದುಕಲಿ, ಎದ್ದು ಕೂತು ಬಾಯಿಗೆ ಬಂದ ಹಾಗೆ ಬೈಯಲಿ, ಅಷ್ಟು ಸಾಕು ಎಂದು ಬೇಡಿಕೊಂಡಳು.

ನಾಲ್ಕನೇ ದಿನ ಬೆಳಿಗ್ಗೆ ಭೀಮಾಶಂಕರ ಕಣ್ಣು ಬಿಟ್ಟ. ನರ್ಸು ದಿಂಬು ಏರಿಸಿ ಕೂರಿಸಿದಳು. ಕಿಟಕಿ ನೋಡಿದ, ಡ್ರಿಪ್ಪಿನ ಬಾಟಲಿ ನೋಡಿದ, ಮಂಚದ ಪಕ್ಕದಲ್ಲಿ ನಿಂತ ಅನಸೂಯಳನ್ನು ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಮರ್ಯಾದೆಯಿಂದ ಕೇಳಿದ.

"ಅಕ್ಕಾರ, ನೀವ್ ಯಾರಿಗಿ ನೋಡ್ಲಾಕ ಬಂದೀರಿ?"

"ನಿಮ್ಮನ್ನೇ ರೀ" ಎಂದಳು ಅನಸೂಯ. "ನಿಮ್ಮನ್ನೇ ನೋಡೋಕೆ ಬಂದಿದೀನಿ."

ಪರಿಚಯವಿಲ್ಲದ ಹೆಂಗಸಿನ ಮುಂದೆ ಹಾಗೆ ಮಲಗಿರುವುದಕ್ಕೆ ಸಂಕೋಚಪಟ್ಟು, ಅವನು ಹೊದಿಕೆಯನ್ನು ಎಳೆದು ಬರಿಗಾಲು ಮುಚ್ಚಿಕೊಂಡ.