ಮಾವನ ಬೆಳಗಿನ ಮಾತ್ರೆ

ಸೊಸೆ ನಲವತ್ತು ದಾಟಿದ ಮೇಲೆ ಮತ್ತೆ ಓದಲು ಕುಳಿತಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೀಗಿದವರು ಅವಳ ಮಾವ. ಜೀವಮಾನವೆಲ್ಲ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದ ಅವರನ್ನು ಕಟ್ಟಡದವರೆಲ್ಲ ಕಂಡಕ್ಟರ್ ತಾತ ಎಂದೇ ಕರೆಯುತ್ತಿದ್ದರು. ಕೆಳಗಿನ ಬೆಂಚಿನ ಮೇಲೆ ಯಾರು ಬಂದು ಕುಳಿತರೂ ಸರಿ, ಮೀಟರ್ ನೋಡಲು ಬಂದವನಾದರೂ ಸರಿ, "ನಮ್ಮ ಸೊಸೆ ಸಾರ್ವಜನಿಕ ಆರೋಗ್ಯದಲ್ಲಿ ಮಾಸ್ಟರ್ ಡಿಗ್ರಿ ಮಾಡ್ತಿದ್ದಾಳೆ, ಅದೂ ಮನೇಲೇ ಕೂತ್ಕೊಂಡು, ಆನ್‌ಲೈನು" ಎಂದು ಹೇಳದೆ ಬಿಡುತ್ತಿರಲಿಲ್ಲ. ಹಾಗಂದರೆ ಏನು ಓದು ಎಂದು ಯಾರಾದರೂ ಕೆದಕಿದರೆ ಮಾತ್ರ "ಅದು ಬಹಳ ದೊಡ್ಡದು" ಎಂದು ಮಾತು ತೇಲಿಸುತ್ತಿದ್ದರು.

ಓದು ದೊಡ್ಡದಿದ್ದರೂ ಓದುವ ಜಾಗ ಚಿಕ್ಕದು. ಇದ್ದದ್ದೇ ಎರಡು ಕೋಣೆಯ ಮನೆ. ಒಂದರಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಗಂಡನ ಗೊರಕೆ, ಇನ್ನೊಂದರಲ್ಲಿ ಮಾವನ ಮಂಚ. ಉಳಿದದ್ದು ಅಡುಗೆಮನೆಗೂ ಬಾತ್‌ರೂಮಿಗೂ ಹೋಗುವ ಓಣಿಯಂಥ ದಾರಿ. ಅಲ್ಲಿ ಗೋಡೆಗೆ ಒತ್ತಿ ಅವಳ ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪು. ಆ ಮೇಜು ಅಲ್ಲಿ ಹಿಡಿಸುತ್ತಿದ್ದುದೇ ಒಂದು ದಿಕ್ಕಿನಲ್ಲಿ, ತಿರುಗಿಸುವ ಮಾತೇ ಇರಲಿಲ್ಲ. ಭಾನುವಾರ ಬಿಟ್ಟು ಪ್ರತಿದಿನ ಬೆಳಿಗ್ಗೆ, ಔಷಧಿ ಅಂಗಡಿಯ ಕೆಲಸಕ್ಕೆ ಹೋಗುವ ಮೊದಲು ತರಗತಿ. ಎಲ್ಲರೂ ಕ್ಯಾಮೆರಾ ಹಾಕಿಕೊಂಡೇ ಕೂರಬೇಕೆಂಬುದು ಪಾಠ ಮಾಡುವ, ಪ್ರಬಂಧ ತಿದ್ದುವ ಗೈಡ್ ಮೇಡಂ ಅವರ ಕಟ್ಟಪ್ಪಣೆ.

ಕೌಂಟರಿನ ಹಿಂದೆ ನಿಂತು ಡಾಕ್ಟರ ಚೀಟಿ ಬಿಡಿಸಿ ಓದುವುದು ಅವಳಿಗೆ ಸಾಕಾಗಿಹೋಗಿತ್ತು. ಜನ ಕಾಯಿಲೆ ಹೊತ್ತುಕೊಂಡು ಬರುವ ಮೊದಲೇ ತಾನು ಅವರ ಬಳಿ ಹೋಗುವಂಥ ಕೆಲಸ ಬೇಕಾಗಿತ್ತು. ಅಂಗಡಿಯಲ್ಲಿ ಅವಳು ಗಮನಿಸಿದ ಒಂದು ಸಂಗತಿಯೂ ಇತ್ತು. ವಯಸ್ಸಾದವರು ಬಿಪಿ ಮಾತ್ರೆ ಒಯ್ಯುತ್ತಾರೆ, ಆದರೆ ಮುಗಿಯಬೇಕಾದ ಹೊತ್ತಿಗೆ ಮತ್ತೆ ಬರುವುದಿಲ್ಲ. ಏಕೆ ತಪ್ಪಿಸುತ್ತಾರೆ? ಕೊನೆಯ ವರ್ಷದ ಪ್ರಬಂಧಕ್ಕೆ ಅದನ್ನೇ ಆರಿಸಿಕೊಂಡಳು. ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ, ಅವರ ಕಟ್ಟಡದಲ್ಲಿ ಬಿಪಿ ಇಲ್ಲದ ಮುದುಕರೇ ಇರಲಿಲ್ಲ.

ಸಂಜೆಗಳಲ್ಲಿ ಮನೆಮನೆಯ ಬಾಗಿಲು ತಟ್ಟಿದಳು. ಎಲ್ಲರದೂ ಒಂದೇ ರಾಗ: ದಿನವೂ ತಗೋತೀವಿ, ಒಂದು ದಿನವೂ ತಪ್ಪಿಸಲ್ಲ. ಗಡಿಯಾರ ರಿಪೇರಿಯ ತಾತನಂತೂ ಎದೆ ತಟ್ಟಿಕೊಂಡು, "ಊಟ ಬಿಟ್ಟೇನು, ಮಾತ್ರೆ ಬಿಡಲ್ಲ" ಎಂದ. ಅವಳಿಗೆ ಹಾಲು ಕುಡಿದಷ್ಟು ಸಂತೋಷ. ಎಲ್ಲವನ್ನೂ ಚೆಂದವಾಗಿ ಬರೆದು ಕಳಿಸಿದಳು.

ಗೈಡ್ ಮೇಡಂ ಅದನ್ನು ಓದಿ, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ಅವಳನ್ನೇ ನೋಡಿದರು.

"ನಿಮ್ಮ ಕಟ್ಟಡದಲ್ಲಿ ಇರೋರು ಮನುಷ್ಯರೋ ದೇವತೆಗಳೋ? ಯಾಕೆ ತಪ್ಪಿಸ್ತಾರೆ ಅಂತ ಪ್ರಶ್ನೆ, ಯಾರೂ ತಪ್ಪಿಸಲ್ಲ ಅಂತ ಉತ್ತರ. ಒಂದೋ ನೀವು ಕೂತಲ್ಲೇ ಬರೆದಿದ್ದೀರಿ, ಇಲ್ಲಾ ಅವರೆಲ್ಲ ಸೇರಿ ನಿಮ್ಮ ಕಿವಿ ಮೇಲೆ ಹೂ ಇಟ್ಟಿದ್ದಾರೆ. ತಿಂಗಳೊಳಗೆ ಸರಿ ಮಾಡಿ. ಆಗ್ಲಿಲ್ಲ ಅಂದ್ರೆ ಇನ್ನೊಂದು ವರ್ಷ ಓದಿ."

ಇನ್ನೊಂದು ವರ್ಷ! ಅಂಗಡಿ, ಅಡುಗೆ, ತರಗತಿ ಎಂದು ಮೂರು ಕಡೆ ಕಾಲಿಟ್ಟು ಇಲ್ಲಿಯವರೆಗೆ ಬಂದದ್ದೇ ದೊಡ್ಡದು. ಇನ್ನೊಂದು ವರ್ಷ ಎಂದರೆ ಓದಿಗೆ ಎಳ್ಳುನೀರು ಬಿಟ್ಟಂತೆಯೇ.

ಗುಟ್ಟು ಬಿಟ್ಟುಕೊಟ್ಟವರು ಮೂರನೇ ಮಹಡಿಯ ಟೀಚರಮ್ಮ. ಮೆಟ್ಟಿಲ ಬಳಿ ಸಿಕ್ಕ ಅವಳ ಸಪ್ಪೆ ಮುಖ ನೋಡಲಾರದೆ ಒದರಿಬಿಟ್ಟರು.

"ಎಲ್ಲಾ ನಿಮ್ಮ ಮಾವಂದೇ ಕಿತಾಪತಿ ಕಣಮ್ಮ. ಸೊಸೆ ಪರೀಕ್ಷೆ, ಯಾರೂ ತಪ್ಪುತಪ್ಪು ಉತ್ತರ ಕೊಡ್ಬೇಡಿ, ಮಾರ್ಕ್ಸ್ ಕಟ್ ಆಗುತ್ತೆ ಅಂತ ಮನೆಮನೆಗೂ ಹೇಳ್ಕೊಂಡು ಬಂದ್ರು. ನನ್ನ ಸರ್ವೀಸಲ್ಲಿ ಒಂದು ಮಗೂಗೂ ಕಾಪಿ ಹೊಡೆಯೋಕೆ ಬಿಟ್ಟೋಳಲ್ಲ ನಾನು. ನಿನಗೋಸ್ಕರ ಸುಳ್ಳು ಹೇಳಿದೀನಿ, ಗೊತ್ತಾ?"

ಸಿಟ್ಟು ನೆತ್ತಿಗೇರಿ ಅವಳು ಕೆಳಗಿಳಿದಳು, ಹಿಂದೆಯೇ ಟೀಚರಮ್ಮನೂ ಇಳಿದರು. ಬೆಂಚಿನ ಮೇಲೆ ಮಾವನೂ ಅವರ ಪಟಾಲಮ್ಮೂ ಹರಟುತ್ತಾ ಕುಳಿತಿದ್ದರು. ಅವಳನ್ನು ಕಂಡದ್ದೇ ಎಲ್ಲರ ಮುಖವೂ ಪೆಚ್ಚಾಯಿತು.

"ಮಾವ, ಇದೇನು ಮಾಡಿಟ್ಟಿದ್ದೀರಿ? ಇವರು ಮಾತ್ರೆ ತಪ್ಪಿಸಿದ್ರೇನೇ ನನಗೆ ಮಾರ್ಕ್ಸು! ಯಾಕೆ ತಪ್ಪಿಸಿದ್ರು ಅಂತ ಹೇಳಿದ್ರೆ ಇನ್ನೂ ಜಾಸ್ತಿ ಮಾರ್ಕ್ಸು!"

ಆಗ ಕಟ್ಟೆ ಒಡೆಯಿತು ನೋಡಿ. ನಾನು ಮುಂದು ತಾನು ಮುಂದು ಎಂದು ಒಪ್ಪಿಕೊಳ್ಳತೊಡಗಿದರು. ಗಡಿಯಾರದ ತಾತ ಆ ಮಾತ್ರೆ ನುಂಗಿ ತಿಂಗಳೇ ಆಗಿತ್ತಂತೆ, ನುಂಗಿದರೆ ಬಾಯಿರುಚಿ ಕೆಡುತ್ತದಂತೆ. ಟೀಚರಮ್ಮ ಟಿವಿಯಲ್ಲಿ ಸುದ್ದಿ ನೋಡಿ ಸಿಟ್ಟು ಬಂದ ದಿನ ಮಾತ್ರ ತೆಗೆದುಕೊಳ್ಳುತ್ತಿದ್ದರಂತೆ, ಉಳಿದ ದಿನ ತಾವು ಶಾಂತವಾಗಿಯೇ ಇರುತ್ತೇವಲ್ಲ ಎಂಬುದು ಅವರ ವಾದ. ಕೇಳಿ ಕೇಳಿ ಅವಳಿಗೆ ಹೊಟ್ಟೆ ಹಿಡಿದುಕೊಂಡು ನಗುವಂತಾಯಿತು. ಸಿಟ್ಟು ಎಲ್ಲಿ ಹೋಯಿತೋ ಏನೋ.

"ನಂದು ಮಾತ್ರ ಮೊದಲಿನ ಉತ್ತರವೇ ನಿಜ. ಒಂದು ದಿನಾನೂ ತಪ್ಪಿಸಿಲ್ಲ," ಎಂದರು ಮಾವ, ಗತ್ತಿನಲ್ಲಿ.

ಅವಳು ನಂಬಿದಳು. ಮಾತ್ರೆ ತಂದುಕೊಡುವವಳೇ ಅವಳು, ಮಾತ್ರೆಯ ಸ್ಟ್ರಿಪ್ಪು ದಿನದಿನವೂ ಖಾಲಿಯಾಗುತ್ತಲೂ ಇತ್ತು. ನಂಬದೆ ಇರಲು ಕಾರಣವೇನಿತ್ತು?

ಆ ವಾರವೇ ಒಂದು ಸಂಜೆ ಹೊರಗೆ ಹೊರಟಾಗ ಮಾವ ಬಾಗಿಲಲ್ಲಿ ಚಪ್ಪಲಿಯ ಜೊತೆ ಗುದ್ದಾಡುತ್ತಿದ್ದರು. ಕಾಲು ಒಳಗೆ ಹೋಗುತ್ತಿರಲಿಲ್ಲ. ಕೊನೆಗೆ ಮಗನ ದೊಡ್ಡ ಚಪ್ಪಲಿಯೊಳಗೆ ಪಾದ ತೂರಿಸಿ, "ಸೆಕೆಗೆ ಕಾಲು ಹಿಗ್ಗುತ್ತೆ" ಎಂದರು. ಅಷ್ಟು ಹೇಳುವಷ್ಟರಲ್ಲಿ ಏದುಸಿರು. ಅವಳು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ಅವರ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದರೂ ಗುಳಿ ಹಾಗೆಯೇ ನಿಂತಿತು. ಕಟ್ಟಡದವರನ್ನೆಲ್ಲ ಪ್ರಶ್ನೆ ಕೇಳಿ ಬಂದವಳು ತನ್ನ ಮನೆಯಲ್ಲೇ ಇದ್ದ ಮಾವನ ಕಾಲು ನೋಡಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ಮಾವನಿಗೆ ಬಿಪಿ ಮಾತ್ರೆಯ ಜೊತೆ ಇನ್ನೊಂದು ಮಾತ್ರೆಯೂ ಇತ್ತು. ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಹೊರಗೆ ಹಾಕಿ ಹೃದಯದ ಭಾರ ಇಳಿಸುವ ನೀರಿನ ಮಾತ್ರೆ.

"ಮಾವ, ಸತ್ಯ ಹೇಳಿ. ನೀರಿನ ಮಾತ್ರೆ ತಗೋತಿದ್ದೀರಾ?"

"ತಗೋತೀನಲ್ಲ."

"ದಿನಾ?"

ಅವರು ಗೋಡೆ ನೋಡಿದರು. "ನಿನ್ನ ಕ್ಲಾಸಿಲ್ಲದ ದಿನ."

"ನನ್ನ ಕ್ಲಾಸಿಗೂ ನಿಮ್ಮ ಮಾತ್ರೆಗೂ ಏನು ಸಂಬಂಧ?"

"ಅದನ್ನ ನುಂಗಿದ್ರೆ ಗಳಿಗೆಗೊಂದು ಸಲ ಬಾತ್‌ರೂಮಿಗೆ ಓಡ್ಬೇಕಮ್ಮ. ಅಲ್ಲಿಗೆ ಹೋಗೋ ದಾರೀಲೇ ನೀನು ಕೂತಿರ್ತೀಯ. ಆ ಡಬ್ಬೀಲಿ ದೊಡ್ಡ ದೊಡ್ಡ ಪ್ರೊಫೆಸರುಗಳು ಕಣ್ಣು ಬಿಟ್ಕೊಂಡು ನೋಡ್ತಿರ್ತಾರೆ. ನಾನು ಬನಿಯನ್ನಲ್ಲಿ ನಿನ್ನ ಹಿಂದೆ ಮುಂದೆ ಓಡಾಡಿದ್ರೆ ನಿನ್ನ ಮರ್ಯಾದೆ ಏನಾಗ್ಬೇಕು? ಮಾತ್ರೇನ ಬಿಡಿಸಿ ಜೇಬಿಗೆ ಹಾಕ್ಕೊಂಡು, ಕೆಳಗೆ ಹೋದಾಗ ಬಿಸಾಕ್ತಿದ್ದೆ."

"ಒಂದು ಅಂಗಿ ಹಾಕ್ಕೊಂಡು ಹೋಗ್ಬಹುದಿತ್ತಲ್ಲ?"

"ಆ ಅವಸರದಲ್ಲಿ ಗುಂಡಿ ಹಾಕೋಕಾಗುತ್ತೇನಮ್ಮ?"

"ಕ್ಲಾಸು ಮುಗಿದ ಮೇಲಾದ್ರೂ ನುಂಗ್ಬಹುದಿತ್ತು."

"ಡಾಕ್ಟರು ಬೆಳಿಗ್ಗೆ ಎದ್ದ ತಕ್ಷಣ ಅಂದಿದ್ರಲ್ಲ. ಟೈಮ್ ತಪ್ಪಿಸಿ ತಗೊಂಡ್ರೆ ತಪ್ಪಾಗಲ್ವಾ?"

ನಗಬೇಕೋ ಅಳಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿದಳು. ಮಾವ ಅವಳ ಓದಿಗಾಗಿ ತಿಂಗಳುಗಟ್ಟಲೆ ಕಾಲು ಊದಿಸಿಕೊಂಡು ಕುಳಿತಿದ್ದರು, ಒಂದು ಮಾತೂ ಆಡದೆ. ಕೂಡಲೇ ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರು ಮಾವ ಸೊಸೆ ಇಬ್ಬರಿಗೂ ಸರಿಯಾಗಿ ಮಂಗಳಾರತಿ ಮಾಡಿ, ಇನ್ನು ಮಾತ್ರೆ ತಪ್ಪಿದರೆ ಆಸ್ಪತ್ರೆಯ ಮಂಚವೇ ಗತಿ ಎಂದು ಹೇಳಿ ಕಳಿಸಿದರು.

ಮಾರನೆಯ ಸಂಜೆಯಿಂದ ಮತ್ತೆ ಬಾಗಿಲು ತಟ್ಟಿದಳು, ಈ ಸಲ ಹೊಸ ಪ್ರಶ್ನೆ ಹಿಡಿದು: ನೀವು ಮಾತ್ರೆ ತಗೊಂಡರೆ ಮನೆಯಲ್ಲಿ ಯಾರಿಗೆ ತೊಂದರೆಯಾಗುತ್ತದೆ? ಬಾಯಿರುಚಿಯ ಗಡಿಯಾರದ ತಾತ ತಲೆ ಕೆರೆದುಕೊಂಡು, ಮಾತ್ರೆ ತಗೊಂಡರೆ ತನಗೆ ತಲೆ ತಿರುಗುತ್ತದೆ, ಬಿದ್ದರೆ ಹೆಂಡತಿಯ ಕೈಯಲ್ಲಿ ತನ್ನನ್ನು ಎತ್ತಲಾಗುವುದಿಲ್ಲ ಎಂದ. ಮಿಕ್ಕವರನ್ನು ಕೆದಕಿದಾಗಲೂ ಅಷ್ಟೆ, ಯಾರೂ ಉದಾಸೀನದಿಂದ ಬಿಟ್ಟಿರಲಿಲ್ಲ. ಒಬ್ಬೊಬ್ಬರೂ ಮನೆಯವರು ಯಾರದೋ ಮುಖ ನೋಡಿ ಮಾತ್ರೆ ಬಿಟ್ಟಿದ್ದರು. ಪ್ರಬಂಧವನ್ನು ಮೊದಲಿನಿಂದ ಬರೆದಳು. ಬರೆಯುವಾಗ ಇಷ್ಟು ಹಿಗ್ಗು ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಮಾವ ಈಗ ದಿನವೂ ಮಾತ್ರೆ ನುಂಗುತ್ತಿದ್ದರು. ಆದರೆ ಕ್ಯಾಮೆರಾದ ಎದುರು ಬರುವಾಗ ಮಾತ್ರ, ಟಿಕೆಟ್ಟಿಲ್ಲದ ಪ್ರಯಾಣಿಕನ ಹಾಗೆ ಸೊಂಟ ಬಗ್ಗಿಸಿ ನುಸುಳಿಕೊಂಡು ಹೋಗುತ್ತಿದ್ದರು. ಕಾಲಿನ ಊತ ಇಳಿದಿತ್ತು, ಸಂಕೋಚ ಇಳಿದಿರಲಿಲ್ಲ.

ಮೌಖಿಕ ಪರೀಕ್ಷೆಯ ಬೆಳಿಗ್ಗೆ ಅವರು ಮೆಲ್ಲಗೆ, "ಇವತ್ತೊಂದು ದಿನ ಬಿಟ್ಬಿಡ್ತೀನಮ್ಮ, ನಿನ್ನ ಭವಿಷ್ಯದ ಪ್ರಶ್ನೆ" ಎಂದರು.

"ನೀವು ಬಿಟ್ರೆ ನಾನು ಪರೀಕ್ಷೆಗೇ ಕೂರಲ್ಲ," ಎಂದು ಅವಳು ನೀರಿನ ಲೋಟ ಹಿಡಿದು ಎದುರು ನಿಂತಳು. ನುಂಗಿದರು, ಬಾಯಿ ತೆರೆದೂ ತೋರಿಸಿದರು.

ತೆರೆಯ ಮೇಲೆ ಗೈಡ್ ಮೇಡಂ ಜೊತೆ ಮುಖಪರಿಚಯವೇ ಇಲ್ಲದ ಇಬ್ಬರು ಪರೀಕ್ಷಕರು. ಒಬ್ಬರಂತೂ ಹುಟ್ಟಿದಂದಿನಿಂದ ನಕ್ಕೇ ಇಲ್ಲವೇನೋ ಎಂಬಂತಿದ್ದರು. ಪ್ರಶ್ನೆಯ ಮೇಲೆ ಪ್ರಶ್ನೆ. ಅವಳು ತಡವರಿಸಲಿಲ್ಲ. ಕೊನೆಗೆ ನಗದ ಪರೀಕ್ಷಕರು ಕೇಳಿದರು:

"ಇಷ್ಟು ಪುಟ ಬರೆದಿದ್ದೀರಿ. ಜನ ಮಾತ್ರೆ ಯಾಕೆ ಬಿಡ್ತಾರೆ ಅಂತ ಒಂದೇ ಮಾತಲ್ಲಿ ಹೇಳಿ."

ಅವಳು ಬಾಯಿ ತೆರೆಯುವಷ್ಟರಲ್ಲಿ ಪರೀಕ್ಷಕರ ಕಣ್ಣು ಅವಳ ಭುಜದಾಚೆ ಹೊರಳಿತು. "ಅದ್ಯಾರು ಅಲ್ಲಿ?"

ತಿರುಗಿ ನೋಡಿದರೆ ಮಾವ. ಬನಿಯನ್ನು, ಕೈಯಲ್ಲಿ ಬಿಗಿಹಿಡಿದ ಪೈಜಾಮದ ಲಾಡಿ, ಅರ್ಧ ಬಗ್ಗಿದ ಸೊಂಟ. ಕಳ್ಳ ಸಿಕ್ಕಿಬಿದ್ದಂತೆ ನಿಂತಲ್ಲೇ ನಿಂತುಬಿಟ್ಟಿದ್ದರು. ಆ ಮುಖದಲ್ಲಿ, ಎಲ್ಲ ಕೆಡಿಸಿಬಿಟ್ಟೆನಲ್ಲ ಎಂಬ ಅಳು.

ಅವಳು ತೆರೆಯ ಕಡೆ ತಿರುಗಿದಳು.

"ಅವರು ನಮ್ಮ ಮಾವ, ಸರ್. ನನ್ನ ಮರ್ಯಾದೆ ಹೋಗುತ್ತೆ ಅಂತ, ಹೀಗೆ ನಿಮ್ಮ ಕಣ್ಣಿಗೆ ಬೀಳ್ಬಾರ್ದು ಅಂತ ಮಾತ್ರೆ ಬಿಟ್ಟಿದ್ರು. ಇವತ್ತು ತಗೊಂಡಿದ್ದಾರೆ. ನೀವು ಕೇಳಿದ ಪ್ರಶ್ನೆಗೆ ಅವರೇ ಉತ್ತರ."

ಗೈಡ್ ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಗದ ಪರೀಕ್ಷಕರು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗಿ, "ತಾತ, ನಮಗೋಸ್ಕರ ನಿಲ್ಲಬೇಡಿ. ಹೋಗಿ ಬನ್ನಿ, ನಾವು ಕಾಯ್ತೀವಿ" ಎಂದರು.

ಕಂಡಕ್ಟರ್ ತಾತ ನಿಧಾನವಾಗಿ ಸೊಂಟ ನೆಟ್ಟಗೆ ಮಾಡಿದರು. ಬನಿಯನ್ನಿನಲ್ಲೇ, ಲಾಡಿ ಹಿಡಿಯದ ಇನ್ನೊಂದು ಕೈಯಿಂದ ಪ್ರೊಫೆಸರುಗಳಿಗೆ ಒಂದು ಸೆಲ್ಯೂಟ್ ಹೊಡೆದು, ತಲೆಯೆತ್ತಿಕೊಂಡು ಬಾತ್‌ರೂಮಿಗೆ ನಡೆದರು.