ಹಳದಿ ಚೌಕಟ್ಟು ಮತ್ತು ಮೂರೂವರೆಯ ಊಟ

ನಮ್ಮ ಯಜಮಾನರು ಒಂದು ವರ್ಷದಿಂದ ನನ್ನ ಮೇಲೆ ಮುನಿಸಿಕೊಂಡಿದ್ದರು. ಕಾರಣ ಕೇಳಿದರೆ ನಗುತ್ತೀರಿ. ಅವರ ಒಂದೇ ಒಂದು ಕಮೆಂಟಿಗೂ ನಾನು ಹಳದಿ ಚೌಕಟ್ಟು ಹಾಕಿರಲಿಲ್ಲ.

ಡೊಂಬಿವಲಿಯ ನಮ್ಮ ಮನೆಯಲ್ಲಿ ಕೂತು ನಾನು ಫೇಸ್‌ಬುಕ್‌ನಲ್ಲಿ ಒಂದು ಕನ್ನಡ ಓದುಗರ ಗುಂಪು ನಡೆಸುತ್ತೇನೆ. ವಾರಕ್ಕೊಂದು ಕತೆ, ಅದರ ಕೆಳಗೆ ಓದಿದವರ ಮಾತು. ೨೦೧೨ರಲ್ಲಿ ಶುರು ಮಾಡಿದಾಗ ಕಲ್ಯಾಣ, ಅಂಬರನಾಥದ ಕಡೆಯ ನಲವತ್ತು ಜನ ಇದ್ದೆವು. ಎರಡು ವರ್ಷದಲ್ಲಿ ಮೂರು ಸಾವಿರ ಆಯಿತು. ಜನ ಹೆಚ್ಚಾದಂತೆ ಜೊಳ್ಳೂ ಹೆಚ್ಚಿತು. ‘ಸೂಪರ್’, ‘ವಾವ್ ಮೇಡಂ’, ಗುಲಾಬಿ ಹೂವು, ಮುಗಿದ ಕೈ. ನಿಜವಾಗಿ ಓದಿ ಬರೆದ ನಾಲ್ಕು ಸಾಲು ಆ ಸಂತೆಯಲ್ಲಿ ಎಲ್ಲೋ ಕಳೆದುಹೋಗುತ್ತಿತ್ತು. ಅದಕ್ಕೇ ಪ್ರತಿ ಭಾನುವಾರ ಒಂದು ಒಳ್ಳೆಯ ಕಮೆಂಟ್ ಆರಿಸಿ, ಹಳದಿ ಚೌಕಟ್ಟಿನಲ್ಲಿ ಎಲ್ಲಕ್ಕಿಂತ ಮೇಲೆ ಇಡುವ ಕ್ರಮ ತಂದೆ. ಚೌಕಟ್ಟು ಮಾಡಿಕೊಡುವವಳು ಸೀವುಡ್ಸ್‌ನಲ್ಲಿರುವ ಮಗಳು ನಿಕಿತಾ.

ಯಜಮಾನರು ವಸಂತಕುಮಾರ. ಮೂವತ್ತು ವರ್ಷ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದು ರಿಟೈರ್ ಆದವರು, ಈಗ ಕನ್ನಡ ಸಂಘದ ಉಪಾಧ್ಯಕ್ಷರು. ಸಭೆ ಎಂದರೆ ವೇದಿಕೆ, ವೇದಿಕೆ ಎಂದರೆ ಶಾಲು ಎಂದು ನಂಬಿದ ಜೀವ. ಕತೆ ಹಾಕಿ ಎರಡು ನಿಮಿಷವಾಗುವುದರೊಳಗೆ ಇವರ ಕಮೆಂಟ್ ಬೀಳುತ್ತಿತ್ತು: ‘ಉತ್ತಮ ಕತೆ. ಲೇಖಕರಿಗೆ ಅಭಿನಂದನೆಗಳು.’ ಹದಿನೈದು ಪುಟದ ಕತೆಗೂ ಅದೇ ಎರಡು ನಿಮಿಷ.

“ಅಲ್ಲ ಮಾರಾಯ್ತಿ, ಸಂಘದಲ್ಲಿ ಎಲ್ರೂ ಕೇಳ್ತಾರೆ. ಹೆಂಡ್ತಿಯೇ ಅಡ್ಮಿನ್, ನಿಮ್ಗೊಂದು ಚೌಕಟ್ಟು ಇಲ್ವಾ ಅಂತ. ಒಂದು ವಾರ ನಂದು ಹಾಕಿದ್ರೆ ನಿನ್ನ ಗಂಟು ಎಂತ ಹೋಗ್ತದೆ?”

“ಓದದೆ ಬರೆದದ್ದಕ್ಕೆ ನಾನು ಹಾಕೂದಿಲ್ಲ. ಮನೆಯವ್ರಿಗೇ ಮಣೆ ಹಾಕಿದ್ರೆ ಉಳಿದವ್ರು ಯಾಕೆ ಕಷ್ಟಪಟ್ಟು ಬರೀಬೇಕು?”

ಮಗಳಿಗೆ ಫೋನ್ ಮಾಡಿ ದೂರು ಕೊಟ್ಟರು. “ಪಪ್ಪಾ, ಪೆಹಲೇ ಪಢೋ ತೋ ಸಹೀ,” ಎಂದಳು ಅವಳು. ಮೊದಲು ಓದಿ ಎಂದು ಮಗಳೂ ಹೇಳಿದ್ದು ಕೇಳಿ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆ ಡಿಸೆಂಬರಿನ ಒಂದು ವಾರ, ಕತೆ ಕಳಿಸುತ್ತೇನೆ ಎಂದವರು ಕೈಕೊಟ್ಟರು. ಬೇರೆ ದಾರಿಯಿಲ್ಲದೆ ನಾನೇ ಬರೆದಿಟ್ಟಿದ್ದ ಕತೆ ಹಾಕಿದೆ. ಹೋಟೆಲ್ ಮ್ಯಾನೇಜರನ ಹೆಂಡತಿಯ ಕತೆ ಅದು. ಅವಳು ದಿನಾ ಮಧ್ಯಾಹ್ನ ಮೂರೂವರೆಯವರೆಗೆ ಹಸಿದು ಕಾಯುತ್ತಾಳೆ. ಗಂಡ ಬಂದು ಉಂಡು, ಒಂದು ಮಾತೂ ಆಡದೆ ಮಲಗುತ್ತಾನೆ. ಸಂಜೆ ಮತ್ತೆ ಹೋಟೆಲಿಗೆ ಹೋಗುತ್ತಾನೆ. ಯಾರ ಕತೆ ಎಂದು ನೀವು ಊಹಿಸಬಹುದು. ಇವರು ಓದುವುದಿಲ್ಲ ಎಂಬ ಧೈರ್ಯದ ಮೇಲೇ ಹಾಕಿದ್ದು.

ಎರಡು ನಿಮಿಷ ಕಳೆಯಿತು. ಇವರ ಅಭಿನಂದನೆ ಬರಲಿಲ್ಲ. ಎರಡು ದಿನದಲ್ಲಿ ಇನ್ನೂರು ಜನ ಬರೆದರು. ಹೆಂಗಸರಂತೂ ಆ ಗಂಡನಿಗೆ ಬಾಯ್ತುಂಬ ಬೈದರು. ಇವರು ಮಾತ್ರ ಬಾಲ್ಕನಿಯಲ್ಲಿ ಕೂತು, ಕನ್ನಡಕ ಏರಿಸಿ, ಫೋನ್ ನೋಡುತ್ತಲೇ ಇದ್ದರು. ಚಾ ಕೊಡುವ ನೆಪದಲ್ಲಿ ನಾನು ಎರಡು ಸಲ ಇಣುಕಿ ಬಂದೆ.

ಶನಿವಾರ ಬೆಳಿಗ್ಗೆ ಇವರ ಕಮೆಂಟ್ ಬಂತು.

‘ಕತೆ ಎರಡು ಸಲ ಓದಿದೆ. ಒಂದು ತಪ್ಪಿದೆ. ಹೋಟೆಲಿನವನು ಮೂರೂವರೆಗೆ ಹಸಿದು ಮನೆಗೆ ಬರುವುದಿಲ್ಲ. ಗಿರಾಕಿಗಳು ಕಮ್ಮಿಯಾದ ಮೇಲೆ, ಎರಡೂವರೆಗೆ, ಸ್ಟಾಫಿನವರೆಲ್ಲ ಒಟ್ಟಿಗೆ ಉಣ್ಣುತ್ತಾರೆ. ಮ್ಯಾನೇಜರ್ ಕೂರದೆ ಸಪ್ಲಾಯರುಗಳು ಕೂರುವುದಿಲ್ಲ. ಹಾಗಾಗಿ ಈ ಗಂಡನಿಗೆ ಆಗಲೇ ಹೊಟ್ಟೆ ತುಂಬಿರುತ್ತದೆ. ಆದರೂ ಮನೆಗೆ ಬಂದು ಮತ್ತೆ ಉಣ್ಣುತ್ತಾನೆ, ಯಾಕೆಂದರೆ ಅವನು ಉಣ್ಣದೆ ಅವಳು ಉಣ್ಣುವುದಿಲ್ಲ. ಎರಡು ಊಟ ಮಾಡಿದವನಿಗೆ ಮಾತು ಬರುವುದಿಲ್ಲ, ನಿದ್ದೆ ಬರುತ್ತದೆ. ಲೇಖಕಿ ಇದನ್ನು ಗಮನಿಸಬೇಕಿತ್ತು.’

ನಾನು ಫೋನ್ ಹಿಡಿದುಕೊಂಡೇ ಬಾಲ್ಕನಿಗೆ ಹೋದೆ.

“ಇದು ಹೌದಾ? ಮೂವತ್ತು ವರ್ಷ ಎರಡೆರಡು ಊಟ?”

“ಮತ್ತೆಂತ ಮಾಡೂದು? ನೀನು ಬಟ್ಟಲು ಇಟ್ಕೊಂಡು ಕೂತಿರ್ತಿದ್ದೆ.”

“ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ ಮಾರಾಯ್ರೇ! ನಾನು ಒಂದು ಗಂಟೆಗೇ ಉಂಡು ಮುಗಿಸ್ತಿದ್ದೆ.”

“ಅದಕ್ಕೇ ಹೇಳ್ಲಿಲ್ಲ,” ಎಂದರು ಇವರು. “ದಿನದಲ್ಲಿ ನಾವಿಬ್ರು ಒಟ್ಟಿಗೆ ಕೂರ್ತಿದ್ದದ್ದೇ ಆ ಅರ್ಧ ಗಂಟೆ.”

ನನಗೆ ಅಳು ಬಂತು. ನಾಚಿಕೆಯೂ ಆಯಿತು. ಇಷ್ಟು ವರ್ಷ ಎದುರು ಕೂತು ಬಡಿಸಿದವಳಿಗೆ ಕಾಣದ್ದನ್ನು ಕಮೆಂಟಿನಲ್ಲಿ ಓದಬೇಕಾಯಿತಲ್ಲ.

ಭಾನುವಾರ ನಿಕಿತಾಗೆ ಆ ಕಮೆಂಟ್ ಕಳಿಸಿದೆ. ಇನ್ನೂರು ಜನ ಹೊಗಳಿದ ಕತೆಯಲ್ಲಿ ತಪ್ಪು ಹಿಡಿದ ಒಂದೇ ಕಮೆಂಟ್ ಅದು. ಗಂಡನದ್ದು ಎಂದು ಬಿಟ್ಟರೆ ನನ್ನ ಕ್ರಮವೇ ಸುಳ್ಳಾಗುತ್ತಿತ್ತು. ಹೆಸರಿನ ಸಮೇತ ಹಾಕು ಎಂದೆ. ಕೆಳಗೆ ನಾನೇ ಒಂದು ಸಾಲು ಸೇರಿಸಿದೆ: ‘ಈ ಓದುಗರು ಹೇಳಿದ್ದು ನಿಜ. ಲೇಖಕಿಗೆ ಗೊತ್ತಿರಲಿಲ್ಲ.’ ‘ಗಂಡನಿಗೇ ಕೊಟ್ಟಿರಲ್ಲ ಮೇಡಂ’ ಎಂದು ನಾಲ್ಕು ಜನ ಚುಚ್ಚಿದರು. ಚುಚ್ಚಲಿ, ಚೌಕಟ್ಟು ತೆಗೆಯಲಿಲ್ಲ.

ಇವರು ಚೌಕಟ್ಟನ್ನು ತುಂಬ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ನೋಡಿದರು.

“ಸಂಘದಲ್ಲಿ ಎಲ್ರಿಗೂ ತೋರಿಸಿ ಬನ್ನಿ,” ಎಂದೆ.

“ಇದನ್ನಾ?” ಇವರು ಫೋನನ್ನು ಅಂಗಿಯ ಕಿಸೆಗೆ ಹಾಕಿಕೊಂಡರು. “ಬೇಡ ಮಾರಾಯ್ತಿ, ಇದು ನಮ್ಮ ಮನೆ ವಿಷಯ.”

ಮೂರು ಸಾವಿರ ಜನರ ಮುಂದೆ ಹಾಕಿಯಾಗಿದೆ ಎಂದು ನೆನಪಿಸಲು ನನಗೆ ಮನಸ್ಸಾಗಲಿಲ್ಲ.