ಇಪ್ಪತ್ತು ಹೆಜ್ಜೆ ಹಿಂದಕ್ಕೆ

ಮೊಕ್ಪೊ ಬಂದರಿನ ಫೋಟೋ ಸ್ಟುಡಿಯೋದಲ್ಲಿ ಚಿತ್ರಗಳ ಮುಖ ತಿದ್ದುವ ಬೊಕ್‌ಹಿಯ ಕೈಗೆ ಚಟ ಹತ್ತಿಬಿಟ್ಟಿತ್ತು. ಮೊದಲು ಕುಂಚ, ಆಮೇಲೆ ಕಂಪ್ಯೂಟರು. ಇಪ್ಪತ್ತು ವರ್ಷ ಅದೇ ಕೆಲಸ. ಮುಖ ಕಂಡರೆ ಸಾಕು, ಮಚ್ಚೆ, ಕಲೆ, ಸುಕ್ಕು ಎಲ್ಲ ಒರೆಸಿ, ತಿದ್ದಿದ್ದನ್ನು ಹಳೆಯದರ ಮೇಲೇ ಉಳಿಸಿ ಮುಂದಿನದಕ್ಕೆ ಕೈಹಾಕುವಳು. ಮೂಲದ್ದೊಂದು ಪ್ರತಿ ಬೇರೆ ಇಡಬಾರದೇ ಪುಣ್ಯಾತ್ಗಿತ್ತಿ? ಇಡುತ್ತಿರಲಿಲ್ಲ. ತನ್ನ ಮಚ್ಚೆ ವಾಪಸ್ಸು ಕೊಡಿ ಅಂತ ಯಾವ ಗಿರಾಕಿ ಬಂದಿದ್ದ?

ಅಕ್ಕ ಮಾಲ್‌ಸುನ್ ತೀರಿಕೊಂಡ ದಿನವೂ ಹಾಗೇ ಆಯಿತು. ಮಧ್ಯಾಹ್ನದೊಳಗೆ ಸಾವಿನ ಮನೆಯಲ್ಲಿ ಕಪ್ಪು ಪಟ್ಟಿ ಕಟ್ಟಿದ ಅವಳ ಚಿತ್ರ ಬಿಳಿ ಸೇವಂತಿಗೆಯ ನಡುವೆ ಕೂರಬೇಕಿತ್ತು. ಪೂರಾ ಮುಖ ಕಾಣುವಂಥದ್ದು ಇದ್ದದ್ದೇ ಒಂದು ಫೋಟೋ. ನಾಲ್ಕು ವರ್ಷದ ಬೊಕ್‌ಹಿ ಸೋಯಾ ಕಾಳು ಕುದಿಯುವ ಹಂಡೆಗೆ ಬೀಳಲಿದ್ದಾಗ ಎಳೆದುಕೊಂಡವಳು ಅಕ್ಕ. ಅವಳ ಎಡಗೆನ್ನೆ ಬೆಂದುಹೋಯಿತು. ಅಲ್ಲಿಂದಾಚೆ ಕ್ಯಾಮೆರಾ ಕಂಡರೆ ಮುಖ ತಿರುಗಿಸುವಳು. ಗುರುತಿನ ಚೀಟಿಯಲ್ಲೂ ಕೂದಲು ಇಳಿಬಿಟ್ಟು ಕೆನ್ನೆ ಮುಚ್ಚಿದ್ದಳು. ಬೊಕ್‌ಹಿಯ ಮದುವೆಯಲ್ಲಿ ಮಾತ್ರ ಗಾಳಿಗೆ ಕೂದಲು ಹಾರಿ, ಕಲೆ ಸಮೇತ ನಗುತ್ತಾ ಸಿಕ್ಕಿಬಿದ್ದಿದ್ದಳು.

ಬೊಕ್‌ಹಿ ಆ ಫೋಟೋವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಅಳುತ್ತಳುತ್ತಲೇ ತಿದ್ದಿದಳು. ಬದುಕಿದ್ದಾಗ ಕೊಡಲಾಗದ ಕೆನ್ನೆಯನ್ನು ಈಗಲಾದರೂ ಕೊಡುತ್ತೇನೆ ಅಂದುಕೊಂಡಳು. ಒಂದೊಂದೇ ಚುಕ್ಕಿಯಾಗಿ, ನೂರಾರು ಸಲ ಒತ್ತಿ ಕಲೆ ತೆಗೆದಳು. ಕೊನೆಗೆ ಇಪ್ಪತ್ತು ಮೂವತ್ತು ಬಿಳಿ ಕೂದಲು ಒಂದೊಂದಾಗಿ ಕಪ್ಪು ಮಾಡಿ, ಉಳಿಸಿ, ಚಿತ್ರ ಅಚ್ಚುಹಾಕಿಸಿ, ಕಂಪ್ಯೂಟರನ್ನು ಆರಿಸದೆ ಹಾಗೇ ಬಿಟ್ಟು ಓಡಿದಳು.

ಮೂರನೆಯ ದಿನ ಮಣ್ಣುಮಾಡಿ, ಪದ್ಧತಿಯಂತೆ ಸತ್ತವಳ ಬಟ್ಟೆಬರೆಗೆ ಬೆಂಕಿ ಇಟ್ಟರು. ಆ ಮದುವೆ ಫೋಟೋವನ್ನೂ ಅಕ್ಕನ ಕೋಟಿನ ಜೇಬಿಗೆ ತುರುಕಿದವಳು ಬೊಕ್‌ಹಿಯೇ. ಕಂಪ್ಯೂಟರಿನಲ್ಲಿ ಇದೆಯಲ್ಲ, ಇದು ಅವಳ ಜೊತೆ ಹೋಗಲಿ ಅಂದಿದ್ದಳು.

ಗುಡ್ಡ ಇಳಿಯುವಾಗ ಭಾವ ತೇಸಿಕ್ ಮೆಲ್ಲಗೆ ಹೇಳಿದ. "ಬಂದವರ ಮುಂದೆ ನಿನ್ನ ಮರ್ಯಾದೆ ತೆಗೆಯೋದು ಬೇಡ ಅಂತ ಸುಮ್ನಿದ್ದೆ ಕಣಮ್ಮ. ಆ ಚಿತ್ರದಲ್ಲಿರೋಳು ನನ್ನ ಹೆಂಡತಿ ಅಲ್ಲ. ಮೊದಲಿನ ಥರಾನೇ ಮಾಡಿಕೊಡು."

"ಅದೇನ್ ಮಹಾ ಭಾವ, ಒಂದು ಗುಂಡಿ ಒತ್ತಿದ್ರೆ ಆಯ್ತು," ಅಂದಳು ಬೊಕ್‌ಹಿ.

ಇಬ್ಬರೂ ನೇರ ಸ್ಟುಡಿಯೋಗೆ ಬಂದರು. ಅವಳು ಮಾಡಿದ್ದನ್ನು ಒಂದೊಂದಾಗಿ ಅಳಿಸಿ ಹಿಂದಕ್ಕೆ ಹೋಗುವ ಗುಂಡಿ ಒತ್ತಿದಳು. ಒಂದು ಬಿಳಿ ಕೂದಲು ಬಂತು. ಇನ್ನೊಂದು ಬಂತು. ಭಾವ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. ಇಪ್ಪತ್ತೊಂದನೆಯ ಸಲಕ್ಕೆ ಗುಂಡಿ ಬರೀ ಟಕ್ಕೆಂದಿತು. ಕಂಪ್ಯೂಟರಿನ ನೆನಪು ಇಪ್ಪತ್ತೇ ಹೆಜ್ಜೆಯದು. ಕೂದಲು ನೆರೆತಿತ್ತು, ಕೆನ್ನೆ ಮಾತ್ರ ನುಣ್ಣಗಿತ್ತು. ಅಯ್ಯೋ, ಇದು ಅವಳಿಗೆ ಗೊತ್ತಿರದ್ದೇ? ದಿನಾ ಗೊತ್ತಿದ್ದದ್ದೇ, ಎಂದೂ ಬೇಕಾಗಿರಲಿಲ್ಲ, ಅಷ್ಟೆ.

ಕಲೆಯನ್ನು ಕೈಯಲ್ಲೇ ಬರೆಯಲು ಕೂತಳು. ಮೂಗಿನ ಪಕ್ಕದಿಂದ ಶುರುಮಾಡಿ ಕೈ ತಡೆದಳು.

"ಭಾವ, ಅದು ಕಿವಿ ಕಡೆ ತಿರುಗಿತ್ತೋ, ತುಟಿ ಕಡೆಗೋ?"

ತೇಸಿಕ್ ಗೋಡೆಯ ಕಡೆ ತಿರುಗಿದ. "ನೋಡಿದ್ರೆ ನೊಂದ್ಕೋತಾಳೆ ಅಂತ ಮೂವತ್ತು ವರ್ಷ ನಾನು ಆ ಕಡೆ ನೋಡ್ಲೇ ಇಲ್ಲ ಕಣಮ್ಮ. ನೀನು ನೋಡಿರ್ಬೇಕಲ್ಲ?"

ಬೊಕ್‌ಹಿ ನೋಡಿದ್ದಳು. ಕೊನೆಯ ದಿನ, ಒಂದೊಂದೇ ಚುಕ್ಕಿ ಒರೆಸುತ್ತಾ ನೋಡಿದ್ದಳು. ಈಗ ಕಣ್ಣು ಮುಚ್ಚಿದರೂ ನುಣುಪು ಕೆನ್ನೆಯೇ ಕಾಣುತ್ತಿತ್ತು.

ಬರೆದ ಗೆರೆ ಯಾರದ್ದೋ ಮುಖಕ್ಕೆ ಮೆತ್ತಿದ ಕೆಸರಿನ ಹಾಗಿತ್ತು. ಅವಳು ಮತ್ತೆ ಗುಂಡಿ ಒತ್ತಿದಳು. ಆ ಗೆರೆ ಮಾತ್ರ ಒಂದೇ ಸಲಕ್ಕೆ ಹೋಯಿತು.